ಎರವಲು ಕೊಡಲಾಗದ ಆಟ

ದಸರೆಗೆ ಹಾಸನಕ್ಕೆ ಬಂದ ಮಗ ಅಂಗೈಯಗಲದ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟು, "ಇದೇನು ಹೇಳಿ, ಅಪ್ಪಾ" ಎಂದ. ಜಪಾನಿನ ನಿಂಟೆಂಡೊ ಕಂಪನಿಯವರು ತಮ್ಮ ಹಳೆಯ ವಿಡಿಯೋ ಆಟದ ಯಂತ್ರವನ್ನು ಕುಗ್ಗಿಸಿ, ಒಳಗೆ 30 ಆಟಗಳನ್ನು ತುಂಬಿ, 2016ರಲ್ಲಿ ಮಾರಾಟಕ್ಕೆ ತಂದದ್ದು. ಹಳೆಯದರ ಗುಂಡಿ, ಮುಚ್ಚಳ ಎಲ್ಲ ಹಾಗೆಯೇ ಇವೆ. ಮುಚ್ಚಳ ಮಾತ್ರ ತೆರೆಯುವುದಿಲ್ಲ.

1990ರ ದಶಕದಲ್ಲಿ ನಮ್ಮ ಮನೆಯಲ್ಲಿದ್ದದ್ದು ಅದರ ನಕಲು. ಬೇಸಿಗೆ ರಜೆಯಲ್ಲಿ ಹೊಳೆನರಸೀಪುರದಿಂದ ತಂಗಿಯ ಮಗ, ಅರಕಲಗೂಡಿನಿಂದ ಷಡ್ಡಕನ ಮಗ, ಚನ್ನರಾಯಪಟ್ಟಣದಿಂದ ಅಣ್ಣನ ಮಗ ಬಂದಿಳಿಯುವರು. ಒಬ್ಬೊಬ್ಬನ ಚೀಲದಲ್ಲೂ ಒಂದೊಂದು ಕ್ಯಾಸೆಟ್. ಚಿತ್ರ ಮೂಡದಿದ್ದರೆ ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ತುರುಕುವುದು. ಮೇಲೆ 9999 ಆಟಗಳೆಂದು ಅಚ್ಚಾಗಿರುತ್ತಿತ್ತು. ಒಳಗೆ ಕೆಲವೇ ಆಟಗಳು ಸುತ್ತಿ ಸುತ್ತಿ ಬರುತ್ತಿದ್ದವು. ಹಸಿಸುಳ್ಳು. ಕಂಪನಿಯ ಅಪ್ಪಣೆಯಿಲ್ಲದ ಕಳ್ಳ ಸರಕೂ ಹೌದು. ನನಗೆ ಆಗ ತಿಳಿದಿರಲಿಲ್ಲವೆಂದರೆ ಅದು ಇನ್ನೊಂದು ಸುಳ್ಳಾದೀತು. ಬೆಲೆ ಕಡಿಮೆಯಿತ್ತು, ಸುಮ್ಮನಿದ್ದೆ.

ಮಗ ಮೊದಲು ಹುಡುಕಿದ್ದು ಕಾಂಟ್ರಾವನ್ನು. ಇಬ್ಬರು ಜೊತೆಯಾಗಿ ಶತ್ರುಗಳ ನಡುವೆ ನುಗ್ಗುವ ಆಟ. ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ 30 ಜೀವ ದೊರೆಯುವ ಗುಟ್ಟನ್ನು ಅರಕಲಗೂಡಿನ ಹುಡುಗ ತಂದ ದಿನ ನಮ್ಮ ಮನೆಯಲ್ಲಿ ಹಬ್ಬವೇ ನಡೆದಿತ್ತು. ಹೊಸ ಪೆಟ್ಟಿಗೆಯಲ್ಲಿ ಅದರ ಎರಡನೆಯ ಭಾಗವಾದ ಸೂಪರ್ ಸಿ ಇದೆ, ಮೊದಲನೆಯದಿಲ್ಲ. ಸೇರಿಸೋಣವೆಂದರೆ ಕಂಪನಿ ದಾರಿಯಿಟ್ಟಿಲ್ಲ. ಜೊತೆಗೆ ಬಂದ ಜಾಯ್‌ಸ್ಟಿಕ್ಕೂ ಒಂದೇ; ಅದರ ತಂತಿ ಎಷ್ಟು ಗಿಡ್ಡವೆಂದರೆ ಟಿ.ವಿ.ಯ ಮೂಗಿನಡಿಯೇ ಕುಳಿತು ಆಡಬೇಕು. ಆಟವನ್ನು ಬೇಕೆಂದಲ್ಲಿ ಕಾದಿರಿಸಿ, ಸೋತಾಗ ಅಲ್ಲಿಗೇ ಮರಳುವ ಅನುಕೂಲವಿದೆ. ಅದನ್ನು ನಾನು ದೂರುವುದಿಲ್ಲ.

ನನ್ನನ್ನು ಕಾಡಿದ್ದು ಎಣಿಕೆಯಲ್ಲ. ಒಬ್ಬ ಮನುಷ್ಯನಿಗೆ 30 ಆಟ ಧಾರಾಳ. ಆದರೆ ಅದರಲ್ಲೊಂದನ್ನು ಹೊರತೆಗೆದು, "ತೊಗೋ, ಮುಂದಿನ ರಜೆಗೆ ತಂದುಕೊಡು" ಎನ್ನುವಂತಿಲ್ಲ. ಕೊಟ್ಟರೆ ಇಡೀ ಪೆಟ್ಟಿಗೆ, ಇಲ್ಲವಾದರೆ ಏನೂ ಇಲ್ಲ. ಹೀಗೆ ಎರವಲಿಗೆ ಒದಗದ್ದನ್ನು ನಮ್ಮ ಸ್ವತ್ತೆನ್ನುವುದು ಎಷ್ಟರಮಟ್ಟಿಗೆ ನಿಜ? ಯಾವ ಆಟ ನೆನಪಿಗೆ ಯೋಗ್ಯವೆಂದು ನಮ್ಮ ಪರವಾಗಿ ಬೇರೆ ಯಾರೋ ತೀರ್ಮಾನಿಸಿ, ಬಾಗಿಲು ಮುಚ್ಚಿ ಕೊಟ್ಟಿದ್ದಾರೆ. ಒಳಗಿರುವ ಲೆಕ್ಕ ಪ್ರಾಮಾಣಿಕ, ಒಪ್ಪಿದೆ. ಸುಳ್ಳು ಹೇಳುತ್ತಿದ್ದ ಆ ಕ್ಯಾಸೆಟ್ಟಾದರೋ ಮೂರು ತಾಲ್ಲೂಕು ಸುತ್ತಿ ಬರುತ್ತಿತ್ತು.

ಇದನ್ನೆಲ್ಲ ಹೇಳಿದರೆ ಮಗ ನಕ್ಕ. "ಎರವಲು ಕೊಟ್ಟದ್ದರಲ್ಲಿ ಎಷ್ಟು ಹಿಂದೆ ಬರುತ್ತಿತ್ತು, ಅಪ್ಪಾ?" ಎಂದು ಕೇಳಿದ. ಮಾತು ಸರಿಯೇ. ಮರುದಿನ ಅಟ್ಟದ ಟ್ರಂಕಿನಲ್ಲಿ ಕಾಂಟ್ರಾ ಕ್ಯಾಸೆಟ್ ಸಿಕ್ಕಿತು. ಬೆನ್ನ ಮೇಲೆ ನೀಲಿ ಶಾಯಿಯಲ್ಲಿ ಚನ್ನರಾಯಪಟ್ಟಣದವನ ಹೆಸರು. ಇಪ್ಪತ್ತು ವರ್ಷಕ್ಕೂ ಮೀರಿ ನಮ್ಮಲ್ಲೇ ಉಳಿದುಬಿಟ್ಟಿದೆ. ಮಗ ನಾಚಿಕೊಂಡೇ ಫೋನು ಮಾಡಿದ.

"ಅಲ್ಲೇ ಇರಲಿ ಕಣೋ, ಭಾನುವಾರ ನಾನೇ ಬಂದು ತೊಗೊಂಡು ಹೋಗ್ತೀನಿ" ಎಂದನಂತೆ ಅವನು. ಅದನ್ನು ಹಾಕಿ ಆಡುವ ಯಂತ್ರ ನಮ್ಮಲ್ಲಿಲ್ಲ. ಅವನ ಮನೆಯಲ್ಲೂ ಇರಲಾರದು.