ಒಪ್ಪಿಗೆಯ ತೂಕ

ಚನ್ನರಾಯಪಟ್ಟಣದ ಪದವೀಧರನೊಬ್ಬನಿಗೆ ಹಾಸನದ ಸಂಸ್ಥೆಯೊಂದರಲ್ಲಿ ಕೆಲಸ ದೊರೆತಿದೆ, ಒಂದು ವಾರದೊಳಗೆ ಉತ್ತರ ಕೊಡಬೇಕು ಎಂದಿಟ್ಟುಕೊಳ್ಳೋಣ. ಹೆಚ್ಚು ವೇತನದ ಇನ್ನೊಂದು ಉದ್ಯೋಗಕ್ಕೆ ಬೆಂಗಳೂರಿನಲ್ಲಿ ಸಂದರ್ಶನವಿರುವುದು ಎರಡು ವಾರಗಳ ಅನಂತರ. 'ಈಗ ಒಪ್ಪಿಕೊಂಡಿರು, ಅದು ಸಿಕ್ಕರೆ ಇದನ್ನು ಬಿಡು' ಎಂದು ಹಿತೈಷಿಗಳು ಹೇಳುತ್ತಾರೆ. ಇದು ಜಾಣತನವಿರಬಹುದು; ಧರ್ಮವೇ?

ಉತ್ತಮವಾದುದನ್ನು ಬಯಸುವುದು ದೋಷವಲ್ಲ. ಗೃಹಸ್ಥನಿಗೆ ನ್ಯಾಯಾರ್ಜಿತ ಧನ ಅವಶ್ಯ. ವಿಚಾರಿಸಬೇಕಾದುದು ಒಪ್ಪಿಗೆಯ ಸ್ವರೂಪವನ್ನು. 1872ರ ಭಾರತೀಯ ಕರಾರು ಕಾಯಿದೆಯಂತೆ ಪ್ರಸ್ತಾಪಕ್ಕೆ ಸಮ್ಮತಿ ದೊರೆತಾಗ ಅದು ವಚನವಾಗುತ್ತದೆ. ಅಲ್ಲಿಯವರೆಗೆ ಇಬ್ಬರೂ ಸ್ವತಂತ್ರರು. ಆದುದರಿಂದ ಕಾಲಾವಕಾಶ ಕೇಳಲು ಸಂಕೋಚ ಬೇಡ.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನೂ ಎಣಿಸಿದ್ದಾರೆ. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಬಳಸುವುದೆಂದು ಇದರ ಅರ್ಥ. ಸಂಸ್ಥೆಯು ತನ್ನ ಮಾತಿಗೆ ಬದ್ಧವಾಗಿರಬೇಕು, ತಾನು ಮಾತ್ರ ಬೇಕಾದಾಗ ಬಿಡಬಹುದು ಎನ್ನುವವನ ಕೈಯಲ್ಲಿಯೂ ಎರಡು ಬಗೆಯ ತೂಕದ ಕಲ್ಲುಗಳಿವೆ. ಅದೇ ಸ್ಥಾನಕ್ಕಾಗಿ ಹೊಳೆನರಸೀಪುರದಿಂದಲೋ ಅರಕಲಗೂಡಿನಿಂದಲೋ ಬಂದಿದ್ದ ಹುಡುಗನು ಬರಿಗೈಯಲ್ಲಿ ಹಿಂದಿರುಗಿರುತ್ತಾನೆ. ಆ ನಷ್ಟವನ್ನು ಯಾರ ಲೆಕ್ಕದ ಪುಸ್ತಕವೂ ತೋರಿಸುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಇನ್ನೊಂದು ಸಂದರ್ಶನವಿರುವುದನ್ನು ತಿಳಿಸಿ, ನಿರ್ದಿಷ್ಟ ದಿನದವರೆಗೆ ಅವಕಾಶ ಬೇಡಬೇಕು. ಅದು ದೊರೆಯದಿದ್ದರೆ ಮನೆಯ ಸಾಲ, ತಂದೆತಾಯಿಗಳ ಸ್ಥಿತಿ ಎಲ್ಲವನ್ನೂ ನೋಡಿ ಒಂದನ್ನು ಮನಃಪೂರ್ವಕವಾಗಿ ಆರಿಸಿಕೊಳ್ಳಬೇಕು. ಹಾಸನವನ್ನು ಒಪ್ಪಿದರೆ ಬೆಂಗಳೂರಿನ ಆಸೆಯನ್ನು ಬಿಡಬೇಕು. ಪರಿಗ್ರಹಪರಿಮಾಣಕ್ಕೆ ಅದೂ ಒಂದು ಅಭ್ಯಾಸವೇ. ನಾಳೆ ಅದೇ ಊರಿನ ಮತ್ತೊಬ್ಬ ಹುಡುಗನು ಕೆಲಸ ಕೇಳಿಕೊಂಡು ಹೋದಾಗ, ಆ ಸಂಸ್ಥೆಯವರು ಅವನ ಮಾತನ್ನು ನಂಬುವುದು ಈತನ ನಡತೆಯಿಂದ.