ಬೀಳುವ ಬಿಳುಪು

ಜಲಪಾತವನ್ನು ಚಿತ್ರಿಸುವುದು ಹೇಗೆ? ನೀರು ನಿಲ್ಲುವುದಿಲ್ಲ, ಚಿತ್ರ ಅಲುಗುವುದಿಲ್ಲ. ಈ ಪೇಚಿಗೆ ಜಪಾನಿನ ಹಿರೋಶಿ ಸೆಂಜು ಕಂಡುಕೊಂಡ ಉಪಾಯ ಎಷ್ಟು ಸರಳವೆಂದರೆ, ಮೊದಲು ತಿಳಿದಾಗ ನನಗೆ ನಗುವೇ ಬಂತು. ಹಲಗೆಗೆ ಅಂಟಿಸಿದ ಕಾಗದದ ಮೇಲಂಚಿನಿಂದ ಅವರು ಬಿಳಿ ಬಣ್ಣ ಸುರಿಯುತ್ತಾರೆ. ಬಣ್ಣ ಬೀಳುತ್ತದೆ. ಬುಡದ ತುಂತುರಿಗಷ್ಟೇ ಏರ್‌ಬ್ರಷ್ಷಿನ ನೆರವು. ಅದು ಜಲಪಾತದ ಚಿತ್ರವೋ, ಜಲಪಾತವೇ ಬಿಟ್ಟುಹೋದ ಗುರುತೋ?

1958ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಸೆಂಜು ಕಲಿತದ್ದು ನಿಹೊಂಗಾ. ಮೇಜಿ ಕಾಲದಲ್ಲಿ ಪಶ್ಚಿಮದ ತೈಲಚಿತ್ರ ಬಂದಿಳಿದಾಗ, ನಮ್ಮದು ಬೇರೆ ಎನ್ನಲು ಜಪಾನೀಯರು ತಮ್ಮ ಚಿತ್ರಕಲೆಗೆ ಇಟ್ಟುಕೊಂಡ ಹೆಸರು ಅದು. ಕಲ್ಲಿನ ಪುಡಿಯನ್ನು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟಿನೊಂದಿಗೆ ಬೆರಳಲ್ಲೇ ಕಲಸಿದರೆ ಬಣ್ಣ. ಅಝುರೈಟ್ ಎಂಬ ನೀಲಿ ಕಲ್ಲನ್ನೇ ನೋಡಿ. ತರಿತರಿಯಾಗಿದ್ದರೆ ಕಡುನೀಲಿ. ಅದನ್ನೇ ಅರೆಯುತ್ತ ಹೋದಂತೆ ತಿಳಿಯಾಗುತ್ತ, ಬೆಳಗಿನ ಆಕಾಶದ ಬಣ್ಣಕ್ಕೆ ಬಂದು ನಿಲ್ಲುತ್ತದೆ. ಬೇರೇನೂ ಬೆರೆಸಬೇಕಿಲ್ಲ, ಒಂದೇ ಕಲ್ಲು, ತರಿಯಲ್ಲೊಂದು ಬಣ್ಣ, ಹಿಟ್ಟಿನಲ್ಲೊಂದು.

ಬಿಳುಪಿನದು ಇನ್ನೂ ಸೋಜಿಗ. ನಿಹೊಂಗಾದ ಬಿಳುಪು ಗೊಫುನ್, ಸಿಂಪಿಯ ಚಿಪ್ಪಿನಿಂದ ಬಂದದ್ದು. ಚಿಪ್ಪುಗಳನ್ನು ವರ್ಷಗಟ್ಟಲೆ ಬಿಸಿಲು ಮಳೆಗೆ ಒಡ್ಡಿ ಆಮೇಲೆ ಅರೆಯುತ್ತಾರೆ. ಬೆಟ್ಟದ ನೀರು ಹರಿದು ಕಡಲು ಸೇರುವುದನ್ನು ಎಲ್ಲರೂ ಬಲ್ಲರು. ಇಲ್ಲಿ ಕಡಲ ತಳದ ಚಿಪ್ಪು ಬೆಟ್ಟದ ನೆತ್ತಿಗೇರಿ, ನೀರಾಗಿ ಕೆಳಗೆ ಧುಮುಕುತ್ತದೆ. ಇದನ್ನು ಯೋಚಿಸುತ್ತ ಒಂದು ಮಧ್ಯಾಹ್ನವನ್ನೇ ಕಳೆದಿದ್ದೇನೆ, ಕೆಲಸವೆಲ್ಲ ಬಾಕಿ.

ಇದೊಂದು ಕೈಚಳಕವಷ್ಟೇ ಇರಬಹುದೆಂಬ ಅನುಮಾನ ನನಗೂ ಇತ್ತು. 1995ರ ವೆನಿಸ್ ಬಿಯನಾಲೆಯಲ್ಲಿ ಸಂದ ಗೌರವದಿಂದ ಅದು ಹೋಗಲಿಲ್ಲ. ಹೋದದ್ದು ಕೋಯಾ ಬೆಟ್ಟದ ಕೊಂಗೊಬುಜಿ ಮಂದಿರದ ಜಾರುಬಾಗಿಲುಗಳಿಗೆ ಅವರು ಬಂಡೆಗಳನ್ನು ಬರೆದ ಬಗೆ ತಿಳಿದಾಗ. ಮೊದಲು ಕಾಗದವನ್ನೇ ಮುದುರಿದರು; ಆ ಸುಕ್ಕುಗಳಲ್ಲಿ ಬಣ್ಣ ಕೂತು ಬಂಡೆ ಎದ್ದಿತು. ನೆಲ ಮಡಿಚಿಕೊಂಡೇ ಅಲ್ಲವೇ ಎಷ್ಟೋ ಬೆಟ್ಟಗಳು ಎದ್ದದ್ದು? ನೀರನ್ನು ಬೀಳಿಸಿ, ಬೆಟ್ಟವನ್ನು ಮಡಿಚಿ ಈ ಮನುಷ್ಯ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಅಂಟೆಷ್ಟು, ನೀರೆಷ್ಟು ಎಂಬ ಲೆಕ್ಕ ಮಾತ್ರ ಅವರದು.

ನಾನು ಕಂಡಿರುವುದು ಫೋಟೋಗಳನ್ನಷ್ಟೇ. ಖನಿಜದ ಹರಳು ಬೆಳಕಿಗೆ ಮಿನುಗುವುದು ಅವುಗಳಲ್ಲಿ ಸಿಕ್ಕುವುದಿಲ್ಲ. ಅದಕ್ಕೆ ನಾಗಾನೊ ಪ್ರಾಂತದ ಕಾರುಯಿಝಾವಕ್ಕೇ ಹೋಗಬೇಕು. ಅಲ್ಲಿ 2011ರಲ್ಲಿ ತೆರೆದ ಸೆಂಜು ಮ್ಯೂಸಿಯಂ ಇದೆ. ಕಟ್ಟಿದವರು ವಾಸ್ತುಶಿಲ್ಪಿ ರ್‍ಯೂಎ ನಿಶಿಝಾವ. ಒಳಗಿನ ನೆಲವನ್ನು ಅವರು ಸಮತಟ್ಟು ಮಾಡಲಿಲ್ಲ. ಹೊರಗೆ ಜಾಗ ಹೇಗೆ ಇಳಿಜಾರಾಗಿದೆಯೋ ಒಳಗೂ ಹಾಗೆಯೇ ಇಳಿಯುತ್ತದೆ.