ಭೋಗೋಪಭೋಗ ಪರಿಮಾಣ ಮತ್ತು ಬಿಸಿನೀರಿನ ತೊಟ್ಟಿ

ಒಮ್ಮೆ ಅನುಭವಿಸಿ ಬಿಟ್ಟುಬಿಡತಕ್ಕದ್ದು ಭೋಗ. ಅನ್ನ, ಹೂವು, ತಾಂಬೂಲಗಳು ಅದಕ್ಕೆ ಉದಾಹರಣೆ. ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ; ವಸ್ತ್ರ, ಆಭರಣ, ಹಾಸಿಗೆಗಳು ಅದಕ್ಕೆ ಉದಾಹರಣೆ. ಇವೆರಡಕ್ಕೂ ಗೃಹಸ್ಥನು ತಾನಾಗಿ ಎಲ್ಲೆಯನ್ನು ಗೊತ್ತುಮಾಡಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗುಣವ್ರತಗಳಲ್ಲಿ ಎಣಿಸಿ, ಎಲ್ಲೆ ಕಟ್ಟಬೇಕಾದ ವಿಷಯಗಳನ್ನು ಹೇಳುವಾಗ ಭೋಜನ, ವಾಹನ, ಶಯನಗಳೊಡನೆ ಸ್ನಾನವನ್ನೂ ಹೆಸರಿಸಿದ್ದಾರೆ. ಮೈ ತೊಳೆದುಕೊಳ್ಳುವುದಕ್ಕೂ ಪರಿಮಾಣವೇಕೆಂದು ಹಿಂದಿನ ಕಾಲದ ಶ್ರಾವಕನಿಗೆ ಸಂದೇಹ ಬಂದಿರಬಹುದು. ಆತನ ಬಚ್ಚಲುಮನೆಯಲ್ಲಿ ಪರಿಮಾಣವು ತಾನಾಗಿಯೇ ಇತ್ತು. ಹಂಡೆಯ ಕೆಳಗಿನ ಸೌದೆ ಉರಿದು ಮುಗಿದರೆ ಬೆಂಕಿ ಆರುತ್ತಿತ್ತು. ಹಂಡೆಯ ನೀರು ತೀರಿದರೆ ಸ್ನಾನ ಮುಗಿಯುತ್ತಿತ್ತು. ಬೆಂಕಿಯೂ ಆರದ, ನೀರೂ ತೀರದ ಸ್ನಾನವೊಂದು ಮನೆಯಂಗಳಕ್ಕೆ ಬಂದಿರುವ ಈ ಕಾಲದಲ್ಲಿ ಆಚಾರ್ಯರ ಮಾತಿನ ಅರ್ಥವು ಸ್ಪಷ್ಟವಾಗತೊಡಗಿದೆ.

ಅಮೆರಿಕದಲ್ಲಿ ಹಾಟ್ ಟಬ್ ಎಂದು ಕರೆಯಲ್ಪಡುವ ಬಿಸಿನೀರಿನ ತೊಟ್ಟಿಯೇ ಆ ಸ್ನಾನ. ಅಲ್ಲಿ ಮನೆಯ ಹಿತ್ತಿಲಿನಲ್ಲಿಯೋ ಜಗಲಿಯ ಮೇಲೆಯೋ ಇದನ್ನು ಇಟ್ಟುಕೊಳ್ಳುವ ವಾಡಿಕೆಯುಂಟು. ನಾಲ್ಕಾರು ಜನ ಕುಳಿತುಕೊಳ್ಳಬಲ್ಲ ತೊಟ್ಟಿಯೊಂದು ಸುಮಾರು 1,400 ಲೀಟರ್ ನೀರು ಹಿಡಿಯುತ್ತದೆ. ವಿದ್ಯುತ್ ಹೀಟರು ಆ ನೀರನ್ನು 38ರಿಂದ 40 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಇಡುತ್ತದೆ. ಪಂಪು ಅದನ್ನು ಸೋಸುಪಟ್ಟಿಯ ಮೂಲಕ ಹಾಯಿಸಿ, ಸಣ್ಣ ಬಾಯಿಗಳಿಂದ ರಭಸವಾಗಿ ಮೈಮೇಲೆ ಚಿಮ್ಮಿಸುತ್ತದೆ. ಮೇಲೊಂದು ದಪ್ಪ ಮುಚ್ಚಳವಿರುತ್ತದೆ. ಆ ದೇಶದಲ್ಲಿ ನೆಲೆಸಿರುವ ಕನ್ನಡ ನಾಡಿನ ಜೈನ ಕುಟುಂಬಗಳಿಗೆ ಇದು ನೆರೆಮನೆಯ ನಿತ್ಯದೃಶ್ಯ. ಆದಕಾರಣ, ಇದನ್ನು ಕೊಳ್ಳಬಹುದೇ, ಕೊಂಡರೆ ಇದರೊಡನೆ ಹೇಗೆ ಬಾಳಬೇಕು ಎಂಬ ಪ್ರಶ್ನೆಯು ವ್ರತನಿಷ್ಠರಾದ ಗೃಹಸ್ಥರಿಗೆ ಕೇವಲ ಹಣದ ಪ್ರಶ್ನೆಯಾಗಲಾರದು.

ಈ ತೊಟ್ಟಿಯ ಪೂರ್ವವೃತ್ತಾಂತವನ್ನು ಅರಿತರೆ ವಿಚಾರಕ್ಕೆ ಅನುಕೂಲ. ಇಟಲಿಯಿಂದ ವಲಸೆ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಜಕೂಜಿ ಸೋದರರು ಮೊದಲು ವಿಮಾನದ ಪ್ರೊಪೆಲ್ಲರುಗಳನ್ನೂ ಅನಂತರ ಬಾವಿಯ ಪಂಪುಗಳನ್ನೂ ತಯಾರಿಸುತ್ತಿದ್ದರು. ಅವರಲ್ಲೊಬ್ಬರಾದ ಕ್ಯಾಂಡಿಡೊ ಅವರ ಮಗನಿಗೆ ಎಳೆಯ ವಯಸ್ಸಿನಲ್ಲಿಯೇ ಕೀಲುವಾತ ತಗುಲಿತು. ಆಸ್ಪತ್ರೆಯ ನೀರಿನ ಚಿಕಿತ್ಸೆಯಿಂದ ಆ ಬಾಲಕನಿಗೆ ಉಪಶಮನವಾಗುತ್ತಿದ್ದುದನ್ನು ಕಂಡು, ಮನೆಯ ಸ್ನಾನದ ತೊಟ್ಟಿಯಲ್ಲಿಯೇ ಇಳಿಬಿಡಬಹುದಾದ ಪಂಪೊಂದನ್ನು ರೂಪಿಸಲಾಯಿತು. 1956ರಲ್ಲಿ ಅದು ಮಾರಾಟಕ್ಕೆ ಬಂದಿತು. 1968ರಲ್ಲಿ ಅದೇ ಮನೆತನದ ರಾಯ್ ಜಕೂಜಿಯವರು ಪಂಪನ್ನು ತೊಟ್ಟಿಯೊಳಗೇ ಅಳವಡಿಸಿ ವಿರಾಮದ ವಸ್ತುವಾಗಿ ಹೊರತಂದರು. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೆಲವರು ದ್ರಾಕ್ಷಾರಸದ ಹಳೆಯ ಮರದ ಪೀಪಾಯಿಗಳಿಗೆ ಬಿಸಿನೀರು ತುಂಬಿ ಅಂಗಳದಲ್ಲಿ ಕುಳಿತುಕೊಳ್ಳುವ ರೂಢಿಯನ್ನು ಆರಂಭಿಸಿದ್ದರು. ರೋಗಿಯಾದ ಒಬ್ಬ ಮಗನ ನೋವಿಗಾಗಿ ಹುಟ್ಟಿದ ಸಾಧನವು ನಿರೋಗಿಗಳ ಸಾಯಂಕಾಲದ ವಿನೋದವಾಗಲು ಹನ್ನೆರಡು ವರ್ಷಗಳು ಸಾಕಾದವು. ಒಂದು ಮನೆಯೊಳಗೆ ಇದೇ ಪರಿವರ್ತನೆಗೆ ಹನ್ನೆರಡು ತಿಂಗಳೂ ಬೇಕಾಗುವುದಿಲ್ಲ ಎಂಬುದೇ ಇಲ್ಲಿ ಯೋಚಿಸತಕ್ಕ ಸಂಗತಿ.

ಒಂದು ಕುಟುಂಬವನ್ನು ಭಾವಿಸಿಕೊಳ್ಳೋಣ. ವೃದ್ಧಮಾತೆಗೆ ಮಂಡಿನೋವು, ವೈದ್ಯರು ಬೆಚ್ಚನೆಯ ನೀರಿನಲ್ಲಿ ಕಾಲು ಆಡಿಸುವುದು ಹಿತವೆಂದಿದ್ದಾರೆ, ಮಕ್ಕಳು ತೊಟ್ಟಿಯನ್ನು ತರಿಸುತ್ತಾರೆ. ಮೊದಲ ತಿಂಗಳು ತಾಯಿಯದು. ಎರಡನೆಯ ತಿಂಗಳಲ್ಲಿ ಮಗನು ಕಚೇರಿಯಿಂದ ದಣಿದು ಬಂದು ಇಳಿಯುತ್ತಾನೆ. ಮೂರನೆಯ ತಿಂಗಳಲ್ಲಿ ಮೊಮ್ಮಕ್ಕಳ ಗೆಳೆಯರೂ ಬರುತ್ತಾರೆ. ಚಳಿಗಾಲ ಬಂದಾಗ ಮೆಟ್ಟಿಲು ಜಾರುವ ಭಯದಿಂದ ತಾಯಿ ಹೊರಗೆ ಬರುವುದನ್ನೇ ಬಿಟ್ಟಿರುತ್ತಾಳೆ. ತೊಟ್ಟಿಯ ನೀರು ಮಾತ್ರ ಬಿಸಿಯಾಗಿಯೇ ಇರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ದುರಾಸೆ ಪಡಲಿಲ್ಲ. ಆದರೆ ಕೊಂಡ ಉದ್ದೇಶವು ಹೋಗಿ ವಸ್ತುವು ಉಳಿಯಿತು. ದೋಷವೆಲ್ಲಿ ಪ್ರವೇಶಿಸಿತು?

ನೀರಿನ ದುರ್ವ್ಯಯವೇ ದೋಷವೆಂದು ಕೆಲವರು ಥಟ್ಟನೆ ಉತ್ತರಿಸುವರು. ಜಲಕಾಯಿಕ ಜೀವಗಳ ವಿಷಯದಲ್ಲಿ ಎಚ್ಚರವಾಗಿರತಕ್ಕ ಸಮಾಜಕ್ಕೆ ಈ ಉತ್ತರವು ಸಹಜವೇ. ಆದರೆ ಲೆಕ್ಕ ನೋಡದೆ ದೂಷಿಸುವುದು ಸತ್ಯಾಣುವ್ರತಕ್ಕೆ ಸಲ್ಲದು. ತೊಟ್ಟಿಯ ನೀರನ್ನು ಪ್ರತಿದಿನ ಚೆಲ್ಲುವುದಿಲ್ಲ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬದಲಾಯಿಸುತ್ತಾರೆ. 1,400 ಲೀಟರನ್ನು 90 ದಿನಗಳಿಗೆ ಹಂಚಿದರೆ ದಿನಕ್ಕೆ ಹದಿನೈದು ಲೀಟರಿನ ಮೇಲೆ ಸ್ವಲ್ಪ, ಅಂದರೆ ಇಡೀ ಮನೆಗೆ ಒಂದು ಬಕೆಟ್ಟಿನಷ್ಟು. ಆದರೆ ಈ ಲೆಕ್ಕವನ್ನು ಹಿಡಿದು ತೊಟ್ಟಿಯು ಮಿತವ್ಯಯದ ಸಾಧನವೆಂದು ವಾದಿಸುವುದೂ ಸರಿಯಲ್ಲ. ಏಕೆಂದರೆ ಅದಕ್ಕೆ ಇಳಿಯುವ ಮುನ್ನ ಸೋಪಿನಿಂದ ಮೈ ತೊಳೆದುಕೊಂಡಿರಬೇಕು. ಇಲ್ಲವಾದರೆ ಬೆವರು, ಎಣ್ಣೆಗಳು ಸೇರಿ ನೀರು ಬೇಗನೆ ಕೆಡುತ್ತದೆ. ಆದ್ದರಿಂದ ಅದು ಸ್ನಾನಕ್ಕೆ ಬದಲಿಯಲ್ಲ, ಸ್ನಾನದ ಮೇಲಿನ ಸ್ನಾನ. ಒಟ್ಟಿನಲ್ಲಿ ಮುಖ್ಯದೋಷವು ನೀರಿನ ಮೊತ್ತದಲ್ಲಿಲ್ಲ.

ಅದು ಕಾವಿನಲ್ಲಿದೆ. 1,400 ಲೀಟರ್ ನೀರನ್ನು 15 ಡಿಗ್ರಿಯಿಂದ 39 ಡಿಗ್ರಿಗೆ ಏರಿಸಲು ಸುಮಾರು 39 ಯೂನಿಟ್ ವಿದ್ಯುತ್ತು ಬೇಕು. ಮೂರು ಕಿಲೋವಾಟಿನ ಹೀಟರಿಗೆ ಇದು ಹದಿಮೂರು ಗಂಟೆಗಳ ಕೆಲಸ. ಸಾಯಂಕಾಲ ಮನಸ್ಸಾದಾಗ ಗುಂಡಿ ಒತ್ತಿದರೆ ಮರುದಿನ ಬೆಳಗ್ಗೆ ನೀರು ಸಿದ್ಧ. ಬಯಕೆಯು ಅಷ್ಟು ಹೊತ್ತು ಕಾಯಲಾರದು. ಆದಕಾರಣ ನೀರನ್ನು ಹಗಲಿರುಳು ಬಿಸಿಯಾಗಿಯೇ ಇರಿಸಲಾಗುತ್ತದೆ. ಅರ್ಧ ಗಂಟೆಯ ಸುಖಕ್ಕಾಗಿ ಉಳಿದ ಇಪ್ಪತ್ತಮೂರೂವರೆ ಗಂಟೆಗಳ ಕಾವಲು. ಹಿಮ ಬೀಳುವ ಸೀಮೆಗಳಲ್ಲಿ ಇದು ಇನ್ನೂ ಕಠಿಣ. ಚಳಿಗಾಲದಲ್ಲಿ ಹೀಟರನ್ನು ಸುಮ್ಮನೆ ಆರಿಸಿಬಿಟ್ಟರೆ ಕೊಳವೆಗಳೊಳಗಿನ ನೀರು ಹೆಪ್ಪುಗಟ್ಟಿ ಅವು ಒಡೆಯುತ್ತವೆ. ಆರಿಸಬೇಕಾದರೆ ತೊಟ್ಟಿಯನ್ನೂ ಕೊಳವೆಗಳನ್ನೂ ಪೂರ್ಣವಾಗಿ ಬರಿದುಮಾಡಬೇಕು. ಮನೆಯಲ್ಲಿ ಹೊಗೆ ಕಾಣಿಸದಿದ್ದರೂ ಆ ದೇಶದ ವಿದ್ಯುತ್ತಿನ ದೊಡ್ಡ ಪಾಲು ಇಂದಿಗೂ ಅನಿಲವನ್ನೂ ಕಲ್ಲಿದ್ದಲನ್ನೂ ಸುಟ್ಟು ಬರತಕ್ಕದ್ದು. ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಾಳಿಯೆಬ್ಬಿಸುವುದು ಇವನ್ನು ಶ್ರಾವಕಾಚಾರವು ಪ್ರಮಾದಚರ್ಯೆಯೆಂಬ ಅನರ್ಥದಂಡವೆಂದು ಹೇಳುತ್ತದೆ. ಯಾರೂ ಇಳಿಯದ ನೀರನ್ನು ಇಡೀ ರಾತ್ರಿ ಕಾಯಿಸುವುದಕ್ಕೆ ಬೇರೆ ಹೆಸರಿಡಲು ಸಾಧ್ಯವೇ?

ಇನ್ನೊಂದು ದೋಷವು ಇದಕ್ಕಿಂತ ಸೂಕ್ಷ್ಮ. ತೊಟ್ಟಿಯಲ್ಲಿ ಸೋಸುಪಟ್ಟಿ ಇರುವುದರಿಂದ ಅದು ಸೋಸಿದ ನೀರೇ ತಾನೆ ಎಂಬ ಸಮಾಧಾನವನ್ನು ಕೆಲವರು ಹೇಳಿಕೊಳ್ಳಬಹುದು. ಜೈನರ ಮನೆಯಲ್ಲಿ ಇಮ್ಮಡಿ ಬಟ್ಟೆಯಿಂದ ನೀರು ಸೋಸುವುದು ನೀರನ್ನು ಶುದ್ಧಮಾಡಿಕೊಳ್ಳುವುದಕ್ಕೆ ಮಾತ್ರವಲ್ಲ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಜತನದಿಂದ ಅವು ಬಂದ ಜಲಕ್ಕೆ ಮರಳಿಸಿದಾಗಲೇ ಆ ಕ್ರಿಯೆಯು ಪೂರ್ಣ. ತೊಟ್ಟಿಯ ಸೋಸುಪಟ್ಟಿಯಲ್ಲಿ ಮರಳಿಸುವ ಭಾಗವೇ ಇಲ್ಲ. ಅದರ ಜೊತೆಗೆ ನೀರಿನಲ್ಲಿ ಸದಾ ಕ್ಲೋರೀನು ಅಥವಾ ಬ್ರೋಮಿನು ಇರಬೇಕು. ಕ್ಲೋರೀನಾದರೆ ಹತ್ತು ಲಕ್ಷ ಭಾಗಕ್ಕೆ ಕನಿಷ್ಠ ಮೂರು ಭಾಗವೆಂದು ಅಮೆರಿಕದ ಆರೋಗ್ಯ ಇಲಾಖೆಯ ಸೂಚನೆ. ಈ ವಿಷಯದಲ್ಲಿ ದಯೆಯ ಹೆಸರಿನಲ್ಲಿ ಅಲಕ್ಷ್ಯ ಮಾಡುವುದು ಮತ್ತೂ ಅಪಾಯಕರ. 1976ರಲ್ಲಿ ಫಿಲಡೆಲ್ಫಿಯದಲ್ಲಿ ಕಾಣಿಸಿಕೊಂಡ ಶ್ವಾಸಕೋಶದ ಮಾರಕ ರೋಗಕ್ಕೆ ಕಾರಣವಾದ ಲೀಜಿಯೊನೆಲ್ಲ ಎಂಬ ಸೂಕ್ಷ್ಮಾಣು 25ರಿಂದ 45 ಡಿಗ್ರಿ ಕಾವಿನ ನೀರಿನಲ್ಲಿ ಸೊಂಪಾಗಿ ಬೆಳೆಯುತ್ತದೆ. ತೊಟ್ಟಿಯ ಕಾವು ಇದರೊಳಗೇ ಬರುತ್ತದೆ. 1999ರಲ್ಲಿ ನೆದರ್ಲೆಂಡ್ಸಿನ ಬೋವೆನ್‌ಕಾರ್ಸ್ಪೆಲ್ ಊರಿನ ಪುಷ್ಪಪ್ರದರ್ಶನದಲ್ಲಿ ಮಾರಾಟಗಾರರು ನೋಡುವವರಿಗಾಗಿ ತುಂಬಿ ಚಾಲೂ ಮಾಡಿಟ್ಟಿದ್ದ ಇಂತಹ ತೊಟ್ಟಿಯಿಂದೆದ್ದ ತುಂತುರು ಸುತ್ತಲಿನ ಗಾಳಿಯಲ್ಲಿ ಹರಡಿ ನೂರಾರು ಜನ ರೋಗಕ್ಕೆ ತುತ್ತಾದರು. ಹಲವರು ಪ್ರಾಣ ಕಳೆದುಕೊಂಡರು. ಅದು ಪ್ರದರ್ಶನಕ್ಕೆ ಇಟ್ಟಿದ್ದ ತೊಟ್ಟಿ. ಬಳಿಯಲ್ಲಿ ಹಾದುಹೋದವರಿಗೂ ಅದರಿಂದ ಮೃತ್ಯು ಬಂದಿತು.

ಆದುದರಿಂದ ಬಿಸಿನೀರಿನ ತೊಟ್ಟಿಯನ್ನು ಇಟ್ಟುಕೊಳ್ಳುವುದೆಂದರೆ ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳುವುದು: ಪ್ರತಿದಿನ ತಿಳಿದು ತಿಳಿದು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಿರಬೇಕು, ಇಲ್ಲವೇ ಮನುಷ್ಯರ ಪ್ರಾಣಕ್ಕೆ ಎರವಾಗಬೇಕು. ಗೃಹಸ್ಥನಿಗೆ ಆರಂಭೀ ಹಿಂಸೆಯು ಸಂಪೂರ್ಣ ತಪ್ಪದು ಎಂಬುದು ನಿಜ. ಅಡುಗೆಯ ಒಲೆ, ಕಸಬರಿಕೆ, ಕುಡಿಯುವ ನೀರಿನ ಶುದ್ಧಿ ಇವೆಲ್ಲವೂ ಆರಂಭವೇ. ಆದರೆ ಅವು ಬಾಳುವುದಕ್ಕೆ ಬೇಕಾದವು. ಬೇಕಿಲ್ಲದ ಆರಂಭವನ್ನು ಹಣ ಕೊಟ್ಟು ಮನೆಗೆ ತಂದು, ಅದು ತಪ್ಪದೆಂದು ಹೇಳಿಕೊಳ್ಳುವುದು ನ್ಯಾಯವಲ್ಲ.

ಹಾಗಾದರೆ ರೋಗಿಗೂ ಅದು ವರ್ಜ್ಯವೇ ಎಂಬ ಶಂಕೆ ಉದಿಸುತ್ತದೆ. ಅಲ್ಲ. ಔಷಧವು ಭೋಗವಲ್ಲ. ವೃದ್ಧರ ನೋವನ್ನು ಕಡಿಮೆಮಾಡುವುದು ವೈಯಾವೃತ್ಯಕ್ಕೆ ಸಮೀಪವಾದ ಕಾರ್ಯ. ಆದರೆ ಔಷಧಕ್ಕೆ ಮೂರು ಲಕ್ಷಣಗಳಿವೆ: ಅದನ್ನು ತಿಳಿದವರು ಗೊತ್ತುಮಾಡುತ್ತಾರೆ, ಅದಕ್ಕೆ ಪ್ರಮಾಣವಿದೆ, ರೋಗ ಹೋದ ಮೇಲೆ ಅದೂ ಹೋಗುತ್ತದೆ. ಹೃದ್ರೋಗ, ರಕ್ತದೊತ್ತಡ ಇರುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಬಿಸಿನೀರಿಗೆ ಇಳಿಯಬಾರದು. 40 ಡಿಗ್ರಿಯನ್ನು ಯಾರಿಗೂ ಮೀರಿಸಬಾರದು. ವಾರಕ್ಕೆ ಎರಡು ಸಲ ಚಿಕಿತ್ಸೆ ಬೇಕಾದರೆ, ಊರಿನಲ್ಲಿ ಬಿಸಿನೀರಿನ ಚಿಕಿತ್ಸೆಯ ಕೊಳವಿದ್ದಲ್ಲಿ ಅಲ್ಲಿಗೆ ತಾಯಿಯನ್ನು ಕರೆದೊಯ್ಯುವುದು ಉತ್ತಮ ಮಾರ್ಗ. ಮಗನ ಕಾಲವು ಅದರಲ್ಲಿ ಸ್ವಲ್ಪ ವ್ಯಯವಾದೀತು. ತೊಟ್ಟಿಯು ಉಳಿಸಿಕೊಡುವುದು ಆ ಕಾಲವನ್ನೇ. ತಾಯಿಗೆ ಬೇಕಾಗಿದ್ದುದೂ ಬಹುಶಃ ಆ ಕಾಲವೇ.

ಪರ್ವದಿನಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅಷ್ಟಮೀ ಚತುರ್ದಶಿಗಳ ಉಪವಾಸದಲ್ಲಿ ಪಂಚಪಾಪಗಳೊಡನೆ ಅಲಂಕಾರ, ಆರಂಭ, ಗಂಧ, ಪುಷ್ಪ, ಸ್ನಾನ, ಅಂಜನಾದಿಗಳನ್ನು ಪರಿಹರಿಸಬೇಕೆಂಬುದು ಆಚಾರ್ಯರ ಆದೇಶ. ಪೂಜಾರ್ಥವಾಗಿ ಮೈ ಶುದ್ಧಿ ಮಾಡಿಕೊಳ್ಳುವವರೂ ಸುಖಾರ್ಥವಾದ ಸ್ನಾನವನ್ನು ಆ ದಿನ ಬಿಡಲೇಬೇಕು. ದೇಹದೃಷ್ಟಿಯಿಂದಲೂ ಇದು ಹಿತ. ಅನ್ನನೀರುಗಳನ್ನು ಬಿಟ್ಟ ದಿನ ಬಿಸಿನೀರಿನಲ್ಲಿ ಕುಳಿತರೆ ಬೆವರಿನಿಂದ ಮೈಯ ನೀರು ಇಳಿದು, ರಕ್ತದೊತ್ತಡ ಕುಸಿದು, ಏಳುವಾಗ ತಲೆ ತಿರುಗಿ ಬೀಳುವ ಸಂಭವವುಂಟು. ಉಪವಾಸದ ಬಳಲಿಕೆಯನ್ನು ತೊಟ್ಟಿಯಲ್ಲಿ ಕಳೆಯಬೇಕೆಂಬುವವರು ಇದನ್ನು ಮರೆಯಬಾರದು.

ಈಗಾಗಲೇ ತೊಟ್ಟಿಯನ್ನು ಕೊಂಡ ಮನೆಗಳವರು ಎದೆಗುಂದಬೇಕಾಗಿಲ್ಲ. ವ್ರತಕ್ಕೆ ಯಮ, ನಿಯಮ ಎಂದು ಎರಡು ದಾರಿಗಳಿವೆ. ಯಮವು ಜೀವನಪರ್ಯಂತ, ನಿಯಮವು ಕಾಲಮಿತ. ಇಂದು, ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲವನ್ನು ವಿಭಾಗಿಸಿ ತ್ಯಾಗ ಮಾಡಬಹುದು. ವಾರದಲ್ಲಿ ಇಂತಹ ದಿನ, ಇಂತಹ ಹೊತ್ತು ಎಂದು ಗೊತ್ತುಮಾಡಿಕೊಂಡ ಮನೆಯು ಉಳಿದ ದಿನಗಳಲ್ಲಿ ಕಾವನ್ನು ಧೈರ್ಯವಾಗಿ ತಗ್ಗಿಸಬಹುದು. ಹಿಮಗಾಲ ಬರುವ ಮುನ್ನ ತೊಟ್ಟಿಯನ್ನು ಬರಿದುಮಾಡಿ ಋತುವಿನ ತ್ಯಾಗ ಮಾಡಬಹುದು. ಬಯಕೆ ಯಾವ ಕ್ಷಣ ಬರುವುದೆಂದು ತಿಳಿಯದವನು ಮಾತ್ರ ನೀರನ್ನು ಸದಾ ಕಾಯಿಸುತ್ತಿರಬೇಕು. ತನ್ನ ಹೊತ್ತನ್ನು ಬಲ್ಲ ವ್ರತಿಗೆ ಆ ಕಟ್ಟುಪಾಡಿಲ್ಲ.

ಈ ವ್ರತಕ್ಕೆ ಆಚಾರ್ಯರು ಹೇಳಿದ ಐದು ಅತೀಚಾರಗಳು ಕೊಳ್ಳುವವನ ಕೈಗನ್ನಡಿಯಂತಿವೆ. ವಿಷಯವು ವಿಷವೆಂದರಿತೂ ಅದರಲ್ಲಿ ಆದರವನ್ನು ಬಿಡದಿರುವುದು. ಅನುಭವಿಸಿದ ಸುಖವನ್ನು ಮರಳಿ ಮರಳಿ ನೆನೆಯುವುದು. ಅನುಭವಿಸಿದ ಮೇಲೂ ಮತ್ತೆ ಬೇಕೆಂದು ಲಂಪಟನಾಗುವುದು. ಇನ್ನೂ ಬಾರದುದಕ್ಕೆ ಬಾಯಾರುವುದು. ನಿಯತಕಾಲದಲ್ಲಿಯೂ ಅತ್ಯಾಸಕ್ತಿಯಿಂದ ಅದರಲ್ಲಿ ಮುಳುಗುವುದು. ಮಾರಾಟದ ಚಿತ್ರಪುಸ್ತಕವನ್ನು ಹಿಡಿದು ರಾತ್ರಿ ಕಳೆಯುವವನಿಗೆ ನಾಲ್ಕನೆಯದು ತೊಟ್ಟಿ ಬರುವುದಕ್ಕಿಂತ ಮೊದಲೇ ಬಂದಿರುತ್ತದೆ. ಮುಚ್ಚಳ ಮುಚ್ಚಿ ಒಳಗೆ ಬಂದು ಸಾಮಾಯಿಕಕ್ಕೆ ಕುಳಿತವನ ಮನಸ್ಸು ಆ ಕಾವನ್ನೇ ಸ್ಮರಿಸುತ್ತಿದ್ದರೆ ಎರಡನೆಯದು ಅಲ್ಲಿದೆ. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಒಂದು. ಗೃಹಸ್ಥನಿಂದ ಅಷ್ಟನ್ನು ಯಾರೂ ಕೇಳುವುದಿಲ್ಲ. ಅಂತಹ ಮುನಿಗಳಿಗೆ ಆಹಾರವನ್ನಿಕ್ಕುವ ಕೈಗಳು ತಮ್ಮ ಮನೆಯ ಬೆಂಕಿಯನ್ನು ಯಾವಾಗ ಹೊತ್ತಿಸಬೇಕು, ಯಾವಾಗ ಆರಿಸಬೇಕು ಎಂಬುದನ್ನಾದರೂ ಬಲ್ಲವಾಗಿರಲಿ. ತೊಟ್ಟಿಗೆ ಹಣ ಕೊಡುವ ಮೊದಲು ಅದು ಯಾರಿಗಾಗಿ, ಎಷ್ಟು ಹೊತ್ತು, ಎಲ್ಲಿಯವರೆಗೆ ಎಂಬ ಮೂರು ಮಾತುಗಳನ್ನು ಮನೆಯವರೆಲ್ಲರೂ ಕುಳಿತು ಬರೆದಿಟ್ಟುಕೊಳ್ಳುವುದು ಕ್ಷೇಮ. ಆ ಮೂರಕ್ಕೂ ಉತ್ತರವಿದ್ದರೆ ಅದು ಪರಿಮಾಣವಾಯಿತು. ಒಂದಕ್ಕೂ ಉತ್ತರ ದೊರೆಯದಿದ್ದರೆ, ಕೊಳ್ಳದೆ ಉಳಿಯುವುದೇ ಆ ಮನೆಯ ಮಟ್ಟಿಗೆ ವ್ರತದ ಪ್ರಾರಂಭ.